ಕನಸಿನ ಬಾಗಿಲಿಗೆ ಟಾರ್ಚ್ ಹಿಡಿದು: ಮಕ್ಕಳಿಗಾಗಿ ಪುಟ್ಟ ಫ್ಯಾಂಟಸಿ ಕಾದಂಬರಿ ಬರೆಯುವ ಬಗೆ

ಕನಸಿನ ಕಥೆ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ಲೋಕ ಕಟ್ಟುತ್ತಾರೆ. ನೇರಳೆ ಬಣ್ಣದ ಆಕಾಶ, ಮಾತಾಡುವ ಮೀನು, ಮೋಡದ ಮೆಟ್ಟಿಲು. ನಾನೂ ಹಾಗೇ ಶುರು ಮಾಡಿದ್ದೆ. 40 ಪುಟ ಆದ ಮೇಲೆ ಒಂದು ವಿಷಯ ಹೊಳೆಯಿತು. ಆ ಲೋಕಕ್ಕೆ ಹೋದ ಹುಡುಗಿಗೆ ಅಲ್ಲಿ ಏನು ಕೆಲಸ ಅಂತ ನನಗೇ ಗೊತ್ತಿರಲಿಲ್ಲ. ಪುಟಗಳೇನೋ ಚೆನ್ನಾಗಿದ್ದವು. ಅದಕ್ಕೇ ಹರಿದು ಹಾಕಲು ಜಾಸ್ತಿ ಸಂಕಟವಾಯಿತು.

ಹಾಗಾಗಿ ಇಲ್ಲಿ ಉಲ್ಟಾ ಕಡೆಯಿಂದ ಶುರು ಮಾಡೋಣ. 8ರಿಂದ 11 ವರ್ಷದ ಮಕ್ಕಳು ಓದುವ ಸಣ್ಣ ಕಾದಂಬರಿ. ಅದರೊಳಗೆ ಒಂದು ಮಗು, ಒಂದು ನೋವು, ಕೆಲವು ಕನಸು. ಹೇಳಿದ್ದು ಗಾಳಿಯಲ್ಲಿ ಉಳಿಯಬಾರದು ಅಂತ ಕೊನೆವರೆಗೂ ಒಂದೇ ಕಥೆಯನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ.

ಹಂತ 1: ಒಂದು ನೋವು, ಒಂದೇ ಒಂದು

ನೋಟ್‌ಬುಕ್ಕಿನಲ್ಲಿ "ಅಜ್ಜ ತೀರಿಕೊಂಡ ದುಃಖ" ಅಂತ ಬರೆದರೆ ನಿಮಗೆ ಸಿಕ್ಕಿದ್ದು ವಿಷಯ ಅಷ್ಟೇ. ಅದರಿಂದ ಕಥೆ ಹುಟ್ಟುವುದಿಲ್ಲ. ನೋವಿಗೆ ಒಂದು ಹೊತ್ತು ಇರುತ್ತದೆ, ಒಂದು ಜಾಗ ಇರುತ್ತದೆ. ಆ ಹೊತ್ತಿನಲ್ಲಿ ಮಗು ಮಾಡಿದ ಅಥವಾ ಮಾಡದೇ ಬಿಟ್ಟ ಏನೋ ಒಂದು ಇರುತ್ತದೆ. ಅದನ್ನು ಹುಡುಕಿ.

ನಮ್ಮ ಹುಡುಗಿಯ ಹೆಸರು ಮಿನಿ. ವಯಸ್ಸು 9. ಅಜ್ಜನ ಟಾರ್ಚ್ ಹಿಡಿದು ಹೊದಿಕೆಯೊಳಗೆ ಆಟವಾಡಿ ಸೆಲ್ಲು ಮುಗಿಸಿಬಿಟ್ಟಳು. ಅಜ್ಜ ಗದರಿದ. ಮಾರನೆಯ ಬೆಳಗ್ಗೆ ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಹೊರಡುವ ಮುಂಚೆ ಅವನು ಅವಳ ಕೋಣೆಯ ಬಾಗಿಲಿಗೆ ಬಂದು "ಮಿನೀ" ಅಂದ. ಅವಳಿಗೆ ಎಚ್ಚರವಿತ್ತು. ಸಿಟ್ಟೂ ಇತ್ತು. ಕಣ್ಣು ಬಿಗಿಯಾಗಿ ಮುಚ್ಚಿ ಕಳ್ಳ ನಿದ್ದೆ ಮಾಡಿದಳು. ಅಜ್ಜ ವಾಪಸ್ ಬರಲಿಲ್ಲ.

ಇದು ನೋವು. ಯಾರಿಗೂ ಗೊತ್ತಿಲ್ಲ, ಯಾರಿಗೂ ಹೇಳುವ ಹಾಗೂ ಇಲ್ಲ. ಮಕ್ಕಳ ದುಃಖದಲ್ಲಿ ಈ ಗುಟ್ಟಿನ ಪಾಲು ದೊಡ್ಡದು. ತಾನು ಸಿಟ್ಟು ಮಾಡಿಕೊಂಡಿದ್ದಕ್ಕೇ, ತಾನು ಏನೋ ಅಂದುಕೊಂಡಿದ್ದಕ್ಕೇ ಹೀಗಾಯಿತು ಅಂತ ಎಷ್ಟೋ ಮಕ್ಕಳು ಒಳಗೊಳಗೇ ನಂಬಿಬಿಡುತ್ತಾರೆ. ಸಣ್ಣ ಮಕ್ಕಳಲ್ಲಂತೂ ಈ ಥರದ ಯೋಚನೆ ತುಂಬಾ ಸಹಜ. 9 ವರ್ಷದವಳಿಗೆ ಬುದ್ಧಿ "ಹಾಗೆಲ್ಲ ಇಲ್ಲ" ಅನ್ನುತ್ತದೆ. ಹೊಟ್ಟೆ ಮಾತ್ರ ಒಪ್ಪುವುದಿಲ್ಲ.

ವಯಸ್ಸಿನ ಲೆಕ್ಕ ಇಲ್ಲಿ ಮುಖ್ಯ. ಸತ್ತವರು ವಾಪಸ್ ಬರುವುದಿಲ್ಲ, ಸಾವು ಎಲ್ಲರಿಗೂ ಬರುತ್ತದೆ, ಸತ್ತ ಮೇಲೆ ದೇಹ ಕೆಲಸ ಮಾಡುವುದಿಲ್ಲ ಅನ್ನುವ ತಿಳಿವಳಿಕೆ 5ರಿಂದ 7 ವರ್ಷದ ಸುಮಾರಿಗೆ ಬರಲು ಶುರುವಾಗುತ್ತದೆ. 9-10ರ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಗೊತ್ತಿರುತ್ತದೆ. ಹಾಗಾಗಿ ಮಿನಿಗೆ "ಅಜ್ಜ ನಕ್ಷತ್ರ ಆಗಿದ್ದಾನೆ" ಅಂದರೆ ಅವಳು ಸುಮ್ನೆ ತಲೆ ಆಡಿಸುತ್ತಾಳೆ, ನಂಬುವುದಿಲ್ಲ. ನಿಮ್ಮ ಓದುಗರೂ ನಂಬುವುದಿಲ್ಲ.

ಇನ್ನೊಂದು ಮಾತು. ಮಕ್ಕಳ ದುಃಖ ದೊಡ್ಡವರ ದುಃಖದ ಹಾಗೆ ಒಂದೇ ಸಮನೆ ಸುರಿಯುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಅಜ್ಜ ಹೋದ ಮಾರನೆಯ ದಿನವೇ ಮಿನಿ ಗೆಳತಿಯ ಜೊತೆ ಬಿದ್ದು ಬಿದ್ದು ನಗಬಹುದು. ಆ ನಗುವನ್ನು ಕಥೆಯಲ್ಲಿ ಇಡಿ. "ಈ ಹುಡುಗಿಗೆ ಬೇಜಾರೇ ಇಲ್ವಾ?" ಅಂತ ಯಾರೋ ನೆಂಟರು ಅನ್ನಲಿ, ಅದು ಅವಳ ಕಿವಿಗೆ ಬೀಳಲಿ. ಒಂದು ಅಧ್ಯಾಯಕ್ಕೆ ಅಷ್ಟು ಸಾಕು.

ಹಂತ 2: ನಿದ್ದೆಯನ್ನು ಸ್ವಲ್ಪ ಓದಿಕೊಳ್ಳಿ

ಫ್ಯಾಂಟಸಿ ತಾನೇ, ಏನು ಬೇಕಾದರೂ ಬರೆಯಬಹುದು ಅನ್ನುವವರು ಈ ಹಂತ ಹಾರಿಸುತ್ತಾರೆ. ನಷ್ಟ ಅವರದೇ. ನಿದ್ದೆಯಲ್ಲಿ ನಿಜಕ್ಕೂ ನಡೆಯುವ ಸಂಗತಿಗಳು ನಾವು ಕಟ್ಟುವ ಮಾಯೆಗಿಂತ ವಿಚಿತ್ರವಾಗಿವೆ.

ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್‌ಸ್ಕಿ ಅನ್ನುವ ವಿದ್ಯಾರ್ಥಿ ತನ್ನ 8 ವರ್ಷದ ಮಗನ ಕಣ್ಣಿನ ಹತ್ತಿರ ತಂತಿ ಅಂಟಿಸಿ ರಾತ್ರಿಯೆಲ್ಲ ಯಂತ್ರದ ಮುಂದೆ ಕೂತಿದ್ದ. ಹುಡುಗ ಗಾಢ ನಿದ್ದೆಯಲ್ಲಿದ್ದರೂ ಯಂತ್ರದ ಸೂಜಿ ಹುಚ್ಚೆದ್ದು ಗೀಚತೊಡಗಿತು. ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣುಗುಡ್ಡೆ ಸರಸರ ಓಡುತ್ತಿತ್ತು. 1953ರಲ್ಲಿ ಅವನೂ ಅವನ ಗುರು ನಥಾನಿಯಲ್ ಕ್ಲೀಟ್‌ಮನ್ನರೂ ಇದನ್ನು ಪ್ರಕಟಿಸಿದರು. ಈಗ ಅದನ್ನೇ ನಾವು ರೆಮ್ ನಿದ್ದೆ ಅನ್ನುತ್ತೇವೆ. ಎದ್ದ ಮೇಲೂ ಕಣ್ಣಿಗೆ ಕಟ್ಟಿದ ಹಾಗಿರುವ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ರೆಪ್ಪೆಯ ಈ ಸಂಗತಿಯನ್ನು ನೆನಪಿಡಿ, ನಮ್ಮ ಕಥೆಗೆ ಬೇಕಾಗುತ್ತದೆ.

ಕಥೆಗೆ ಉಪಯೋಗಕ್ಕೆ ಬರುವ ಇನ್ನೂ ಕೆಲವು ಸಂಗತಿ ಇವೆ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತಿನ ರೆಮ್ ಚಿಕ್ಕದು, ಬೆಳಗಿನ ಜಾವದ್ದು ಉದ್ದ. ನಾನು ಇದನ್ನು ಅಧ್ಯಾಯಗಳ ಅಳತೆಗೇ ಬಳಸಿದೆ. ಮೊದಲ ಕನಸು ಒಂದು ಪುಟ, ಕೊನೆಯದು ಎಂಟು ಪುಟ. ರೆಮ್ ಹೊತ್ತಿನಲ್ಲಿ ಕೈಕಾಲಿನ ಸ್ನಾಯುಗಳು ಸಡಿಲವಾಗಿ ಬಿದ್ದಿರುತ್ತವೆ. ಓಡಬೇಕು ಅಂದರೂ ಕಾಲು ಏಳದ ಕನಸು ನಿಮಗೂ ಬಿದ್ದಿರಬೇಕು, ಅಲ್ವಾ? ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು.

ಹಸ್ತಪ್ರತಿಗಳಲ್ಲಿ ನಾನು ಪದೇ ಪದೇ ನೋಡುವ ತಪ್ಪು ಒಂದಿದೆ. ಮಗು ಮಲಗಿದ ಒಂದು ಗಂಟೆಗೇ ಚೀರಿಕೊಂಡು ಎದ್ದು ಕೂರುತ್ತದೆ, ಕಣ್ಣು ತೆರೆದೇ ಇದೆ, ಅಮ್ಮನನ್ನೂ ಗುರುತಿಸುವುದಿಲ್ಲ. ಮುಂದಿನ ಸಾಲಿನಲ್ಲೇ ಕನಸನ್ನು ಪೂರ್ತಿ ವಿವರಿಸುತ್ತದೆ. ಇಲ್ಲಿ ಎರಡು ಬೇರೆ ಬೇರೆ ಸಂಗತಿ ಕಲಸಿಹೋಗಿವೆ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆಯಿಂದ ಹೀಗೆ ಬೆಚ್ಚಿ ಚೀರುವ ಮಗುವಿಗೆ ಬೆಳಗ್ಗೆ ಸಾಮಾನ್ಯವಾಗಿ ಏನೂ ನೆನಪಿರುವುದಿಲ್ಲ. ಕೆಟ್ಟ ಕನಸು ಹೆಚ್ಚಾಗಿ ರಾತ್ರಿಯ ಎರಡನೇ ಅರ್ಧದಲ್ಲಿ ಬೀಳುತ್ತದೆ. ಅದರಿಂದ ಎದ್ದ ಮಗುವಿಗೆ ಪೂರ್ತಿ ಎಚ್ಚರ ಇರುತ್ತದೆ, ಅಮ್ಮ ಬೇಕಾಗುತ್ತಾಳೆ, ಕನಸೂ ನೆನಪಿರುತ್ತದೆ. ಕಥೆಗೆ ಬೇಕಾದ್ದು ಎರಡನೆಯದು.

ವಯಸ್ಸು ಇಲ್ಲೂ ಲೆಕ್ಕಕ್ಕೆ ಬರುತ್ತದೆ. ಡೇವಿಡ್ ಫೌಲ್ಕ್ಸ್ ಅನ್ನುವ ಮನೋವಿಜ್ಞಾನಿ ಪ್ರಯೋಗಾಲಯದಲ್ಲಿ ಮಕ್ಕಳನ್ನು ರೆಮ್ ನಿದ್ದೆಯಿಂದ ಎಬ್ಬಿಸಿ ಏನು ಕಂಡೆ ಅಂತ ಕೇಳುತ್ತಾ ಹೋದ. 3ರಿಂದ 5 ವರ್ಷದವರು ಬಹಳ ಸಲ ಏನೂ ಹೇಳಲಿಲ್ಲ. ಹೇಳಿದ್ದೂ ನಿಂತ ಚಿತ್ರದ ಹಾಗೆ, ಒಂದು ಪ್ರಾಣಿ, ಅಷ್ಟೇ. ಕನಸಿನೊಳಗೆ ತಾನೇ ಓಡಾಡಿ ಏನಾದರೂ ಮಾಡುವುದು 7-8 ವರ್ಷ ದಾಟಿದ ಮೇಲೆ ಕಾಣಿಸಿತು. ಅಂದರೆ ಮಿನಿಯ 4 ವರ್ಷದ ತಮ್ಮನಿಗೂ ಕಥೆಯಲ್ಲಿ ಒಂದು ಕನಸು ಕೊಡಬೇಕು ಅನ್ನಿಸಿದರೆ ಅದು ಒಂದೇ ಸಾಲು ಇರಲಿ: "ಒಂದು ಆನೆ ನಿಂತಿತ್ತು." ಅದೇ ತಮಾಷೆಯಾಗಿರುತ್ತದೆ.

ಹಂತ 3: ಲೋಕಕ್ಕೆ ಒಂದು ವಸ್ತು, ಒಂದು ನಿಯಮ

ಈಗ ಲೋಕ ಕಟ್ಟಬಹುದು. ಆದರೆ ಹೊಸ ಸಾಮಾನು ತರಬೇಡಿ. ಕನಸು ಮನೆಯಲ್ಲಿ ಇರುವುದನ್ನೇ ತಗೊಂಡು ತಿರುಗಿಸಿ ಇಡುತ್ತದೆ. ಮಿನಿಯ ನೋವಿನಲ್ಲಿ ಏನೇನಿದೆ? ಟಾರ್ಚ್, ಬಾಗಿಲು, ಮುಚ್ಚಿದ ಕಣ್ಣು. ಮೂರೇ. ಇವುಗಳಿಂದಲೇ ಇಡೀ ಲೋಕ ಆಗಬೇಕು.

ನಾನು ಟಾರ್ಚನ್ನು ಹೀಗೆ ತಿರುಗಿಸಿದೆ:

"ಮಿನಿ ಟಾರ್ಚ್ ಒತ್ತಿದಳು. ಬೆಳಕು ಬರಲಿಲ್ಲ. ಕತ್ತಲೆ ಬಂತು, ಕೊಳಾಯಿಯಿಂದ ನೀರು ಬಂದ ಹಾಗೆ. ಅದು ಬಿದ್ದ ಕಡೆ ಗೋಡೆ ಹೋಯಿತು. ಮೇಜಿನ ಮೇಲೆ ಬಿತ್ತು, ಮೇಜು ಹೋಯಿತು. ಅವಳಿಗೆ ಆಶ್ಚರ್ಯವಾಗಲಿಲ್ಲ. ದೂರದಲ್ಲಿ ಒಂದು ಬಾಗಿಲಿತ್ತು. ಅದನ್ನು ನೋಡಬಾರದು ಅಂತ ಗೊತ್ತಿತ್ತು. ಯಾರು ಹೇಳಿದರು ಅಂತ ಗೊತ್ತಿರಲಿಲ್ಲ."

"ಆಶ್ಚರ್ಯವಾಗಲಿಲ್ಲ" ಅನ್ನುವುದನ್ನು ಗಮನಿಸಿ. ಕನಸಿನಲ್ಲಿ ಯಾರೂ ಬೆರಗಾಗಿ ನಿಲ್ಲುವುದಿಲ್ಲ. ಅಡುಗೆಮನೆಯಿಂದ ಹೊರಬಂದರೆ ಶಾಲೆಯ ಅಂಗಳ, ಸರಿ, ನಡಿ. ಬೆರಗೆಲ್ಲ ಎದ್ದ ಮೇಲೆ. "ಅವಳಿಗೆ ಹಾಗೆ ಕಂಡಿತು", "ಏನೋ ಮಾಯೆ ಎಂಬಂತೆ" ಅನ್ನುವ ಸಾಲುಗಳನ್ನು ಹುಡುಕಿ ಹುಡುಕಿ ಹೊಡೆದು ಹಾಕಿ. ಮಕ್ಕಳಿಗೆ ಮೇಜು ಹೋಯಿತು ಅಂದರೆ ಹೋಯಿತು.

ಇನ್ನು ನಿಯಮ. ಮಾಯೆಗೆ ಬೆಲೆ ಇರಲೇಬೇಕು, ಆ ಬೆಲೆ ನೋವಿಗೆ ಸಂಬಂಧಪಟ್ಟದ್ದಾಗಿರಬೇಕು. ಇಲ್ಲಿ ನಿಯಮ ಇದು: ಕನಸಿನಲ್ಲಿ ಮಿನಿ ಏನನ್ನು ಕತ್ತಲಾಗಿಸುತ್ತಾಳೋ, ಅದಕ್ಕೆ ಅಂಟಿಕೊಂಡ ಅಜ್ಜನ ನೆನಪು ಮಾರನೆಯ ದಿನ ಸಿಗುವುದಿಲ್ಲ. ಮೇಜು ಹೋದ ಮಾರನೆಯ ಬೆಳಗ್ಗೆ ಅಜ್ಜ ಲೋಟ ಹಿಡಿಯುತ್ತಿದ್ದುದು ಎಡಗೈಯಲ್ಲೋ ಬಲಗೈಯಲ್ಲೋ ಅವಳಿಗೆ ನೆನಪಾಗುವುದಿಲ್ಲ. ಇನ್ನೊಂದು ರಾತ್ರಿ ರೇಡಿಯೋ ಹೋಗುತ್ತದೆ. ಬೆಳಗ್ಗೆ ಅಜ್ಜ ಗುನುಗುತ್ತಿದ್ದ ಹಾಡು ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ. ಒಂದು ಬಾಗಿಲನ್ನು ನೋಡಬಾರದು ಅಂತ ಅವಳು ಅಜ್ಜನನ್ನೇ ಚೂರುಚೂರಾಗಿ ಕಳೆದುಕೊಳ್ಳುತ್ತಿದ್ದಾಳೆ.

ನೋವಿನಿಂದ ಮುಖ ತಿರುಗಿಸಿದರೆ ಏನಾಗುತ್ತದೆ ಅನ್ನುವುದನ್ನು ಇನ್ನು ನೀವು ಎಲ್ಲೂ ವಿವರಿಸಬೇಕಾಗಿಲ್ಲ. ಟಾರ್ಚ್ ವಿವರಿಸುತ್ತದೆ. ನಿಯಮ ಒಂದೇ ಇರಲಿ. ಎರಡನೆಯದು ಹೊಳೆದರೆ ಇನ್ನೊಂದು ಪುಸ್ತಕಕ್ಕೆ ಎತ್ತಿಡಿ.

ಹಂತ 4: ಉತ್ತರ ಗೊತ್ತಿಲ್ಲದ ಜೊತೆಗಾರ

ನನ್ನ ಮೊದಲ ಪ್ರತಿಯಲ್ಲಿ ಬಿಳಿ ಗಡ್ಡದ ಕನಸಿನ ಕಾವಲುಗಾರ ಇದ್ದ. ತಾಳ್ಮೆಯಿಂದ, ಇಂಪಾದ ದನಿಯಲ್ಲಿ, ಮಿನಿಗೆ ಎಲ್ಲ ತಿಳಿಸಿ ಹೇಳುತ್ತಿದ್ದ. ಓದಲು ಕೊಟ್ಟ ಹತ್ತು ವರ್ಷದ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಇವರು ಮೇಷ್ಟ್ರಾ?" ಕಾವಲುಗಾರ ಅವತ್ತೇ ಕೆಲಸ ಬಿಟ್ಟ.

ಅವನ ಜಾಗಕ್ಕೆ ಒಂದು ದೀಪದ ಹುಳು ಬಂತು. ಅದಕ್ಕೆ ಬೇಕಾದದ್ದು ಬೆಳಕು. ಟಾರ್ಚ್ ನೋಡಿ ಆಸೆಯಿಂದ ಹಾರಿ ಬಂದರೆ ಕತ್ತಲೆ! ಅದಕ್ಕೆ ಸಿಟ್ಟು. ಮಿನಿಯ ಹಿಂದೆ ಮುಂದೆ ಗೊಣಗುತ್ತಾ ಸುತ್ತುತ್ತದೆ, ಟಾರ್ಚ್ ರಿಪೇರಿ ಮಾಡು ಅಂತ ಪೀಡಿಸುತ್ತದೆ. ಅವಳ ಅಜ್ಜ ಯಾರು ಅಂತಲೂ ಅದಕ್ಕೆ ಗೊತ್ತಿಲ್ಲ. ಜೊತೆಗಾರನಿಗೆ ಅವನದೇ ಹಟ ಇದ್ದರೆ ಕಥೆಗೆ ನಗು ಬರುತ್ತದೆ. ಇಂಥ ಪುಸ್ತಕಕ್ಕೆ ನಗು ತುಂಬಾ ಬೇಕು.

ಸತ್ತ ಅಜ್ಜ ಕನಸಿನಲ್ಲಿ ಬರಬಹುದೇ? ಬರಬಹುದು, ಆದರೆ ತುಂಬಾ ಹುಷಾರು. "ನನಗೇನೂ ಬೇಜಾರಿಲ್ಲ ಪುಟ್ಟಾ" ಅಂತ ಅವನ ಬಾಯಲ್ಲೇ ಹೇಳಿಸಿ ಮುಗಿಸಿಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಅದು ಮೋಸ. ಯಾಕೆ ಅಂತ ಏಳನೇ ಹಂತದಲ್ಲಿ ಹೇಳುತ್ತೇನೆ. ನಾನು ಮಾಡಿದ್ದು ಹೀಗೆ. ಮಿನಿ ಅಜ್ಜನನ್ನು "ನೀನು" ಅನ್ನುತ್ತಿದ್ದವಳು, ಅವನೂ ಅವಳನ್ನು "ಕಣೇ" ಅಂತಲೇ ಮಾತಾಡಿಸುತ್ತಿದ್ದವನು. ಮೂರನೇ ಕನಸಿನಲ್ಲಿ ಅಜ್ಜನ ಕೋಟು, ಅಜ್ಜನ ಕನ್ನಡಕ ಹಾಕಿಕೊಂಡ ಒಬ್ಬರು ಎದುರಾಗುತ್ತಾರೆ. ಅವಳು ಓಡಿ ಹೋಗುತ್ತಾಳೆ. ಅವರು ಬಗ್ಗಿ, "ನೀವು ಯಾರನ್ನು ಹುಡುಕುತ್ತಿದ್ದೀರಿ?" ಅನ್ನುತ್ತಾರೆ. ಒಂದು "ನೀವು" ಸಾಕು, ಮಿನಿಗೂ ಓದುವ ಮಗುವಿಗೂ ಎದೆ ಝಲ್ ಅನ್ನುತ್ತದೆ. ನಮ್ಮ ಭಾಷೆ ಪುಕ್ಕಟೆಯಾಗಿ ಕೊಟ್ಟಿರುವ ಆಯುಧ ಇದು, ಬಳಸಿ.

ಹಂತ 5: ಲೆಕ್ಕಾಚಾರ

ಇದು ಬೇಗ ಮುಗಿಯುವ ಹಂತ. 10 ಅಧ್ಯಾಯ, ಒಂದೊಂದು ಸುಮಾರು 1000 ಪದ, ಗಟ್ಟಿಯಾಗಿ ಓದಿದರೆ ಹತ್ತು ನಿಮಿಷದ ಆಸುಪಾಸು. ಮೊದಮೊದಲ ಕನಸುಗಳು ಚಿಕ್ಕವು ಅಂದೆನಲ್ಲ, ಅವು ಹಗಲಿನ ಅಧ್ಯಾಯದ ಬಾಲಕ್ಕೇ ಅಂಟಿಕೊಳ್ಳಲಿ. ಇಂಗ್ಲಿಷ್ ಪುಸ್ತಕಗಳ ಪದಸಂಖ್ಯೆ ನೋಡಿ ಹೆದರಬೇಡಿ. "ಹೋಗಬೇಕಾಗಿತ್ತಲ್ಲ" ನಮಗೆ ಒಂದು ಪದ, ಅವರಿಗೆ ನಾಲ್ಕೈದು.

ಹಗಲು, ರಾತ್ರಿ, ಹಗಲು, ರಾತ್ರಿ ಅಂತ ಹೆಣೆಯಿರಿ. ಪರೀಕ್ಷೆ ಒಂದೇ: ಈ ಕನಸನ್ನು ಕಿತ್ತು ಹಾಕಿದರೆ ಮುಂದಿನ ಹಗಲಿನಲ್ಲಿ ಏನಾದರೂ ಬದಲಾಗುತ್ತದಾ? ಏನೂ ಬದಲಾಗದಿದ್ದರೆ ಆ ಕನಸು ಎಷ್ಟು ಚಂದವಿದ್ದರೂ ಹೋಗಬೇಕು.

ಹಂತ 6: ಹಗಲಿನಲ್ಲಿ ಕನಸಿಗೆ ಕೈ ಹಾಕಿಸಿ

ನಡುವಿನ ಅಧ್ಯಾಯಗಳಲ್ಲಿ ಕಥೆ ಸೊರಗುತ್ತದೆ. ರಾತ್ರಿಯಾದರೆ ಕನಸು ಬೀಳುತ್ತದೆ, ಮಗು ಅನುಭವಿಸುತ್ತದೆ, ಏಳುತ್ತದೆ. ಸುಮ್ಮನೆ ಅನುಭವಿಸುವ ನಾಯಕಿ ಯಾರಿಗೆ ಬೇಕು?

ಇಲ್ಲಿ ಚಿಕಿತ್ಸೆಯ ಲೋಕದಿಂದ ಒಂದು ಉಪಾಯ ಎರವಲು ಸಿಗುತ್ತದೆ. ಮತ್ತೆ ಮತ್ತೆ ಕೆಟ್ಟ ಕನಸು ಬೀಳುವವರಿಗೆ ಇಮೇಜರಿ ರಿಹರ್ಸಲ್ ಥೆರಪಿ ಅನ್ನುವ ವಿಧಾನ ಬಳಸುತ್ತಾರೆ. ಪೂರ್ತಿ ಎಚ್ಚರ ಇರುವಾಗ ಆ ಕನಸನ್ನು ಬರೆದುಕೊಳ್ಳಬೇಕು. ಅದನ್ನು ತನಗೆ ಬೇಕಾದ ಹಾಗೆ ಬದಲಾಯಿಸಬೇಕು, ಎಲ್ಲಿ ಬೇಕಾದರೂ, ಹೇಗೆ ಬೇಕಾದರೂ. ಆಮೇಲೆ ಬದಲಾದ ಕನಸನ್ನು ದಿನಾ 10-20 ನಿಮಿಷ ಮನಸ್ಸಿನಲ್ಲೇ ಓಡಿಸಬೇಕು.

ಮಿನಿಗೆ ಈ ಹೆಸರೆಲ್ಲ ಗೊತ್ತಿರಬೇಕಾಗಿಲ್ಲ. ಅವಳು ಕ್ಲಾಸಿನಲ್ಲಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಆ ಬಾಗಿಲಿನ ಚಿತ್ರ ಬರೆಯಲಿ. ಬಾಗಿಲಿಗೆ ಮೊದಲು ಬೀಗ ಬರೆಯಲಿ. ರಬ್ಬರಿನಿಂದ ಅಳಿಸಲಿ. ಕಿಟಕಿ ಬರೆಯಲಿ. ಅವತ್ತು ರಾತ್ರಿ ಕನಸಿನಲ್ಲಿ ಬಾಗಿಲಿಗೆ ಕಿಟಕಿ ಬಂದಿರಲಿ, ಆದರೆ ಅಳಿಸಿದ ಬೀಗದ ಗುರುತೂ ಮಸುಕಾಗಿ ಉಳಿದಿರಲಿ. ಈಗ ಅವಳ ಕೈಯಲ್ಲಿ ಏನೋ ಇದೆ. ಓದುವ ಮಗುವಿಗೂ "ನಾನೂ ಬರೆದು ನೋಡ್ತೀನಿ" ಅನ್ನಿಸಬಹುದು.

ಕಾದಂಬರಿ ಚಿಕಿತ್ಸೆಯಲ್ಲ ಅನ್ನುವುದೂ ನೆನಪಿರಲಿ. ವಾರಗಟ್ಟಲೆ ನಿದ್ದೆ ಮಾಡದ, ಊಟ ಬಿಟ್ಟ ಮಗುವಿಗೆ ಬೇಕಾದ್ದು ಮಕ್ಕಳ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕರು ಅಥವಾ ವೈದ್ಯರು. ಹಿಂಬದಿ ರಕ್ಷಾಪುಟದಲ್ಲಿ "ನೋವನ್ನು ಗುಣಪಡಿಸುವ ಕಥೆ" ಅಂತ ದಯವಿಟ್ಟು ಹಾಕಿಸಬೇಡಿ.

ಹಂತ 7: ಬಾಗಿಲು ಎರಡು ಸಲ ತೆರೆಯಬೇಕು

ಕೊನೆಯ ಕನಸು. ಮಿನಿ ಟಾರ್ಚ್ ಆರಿಸುತ್ತಾಳೆ. ದೀಪದ ಹುಳು ಮೊದಲ ಸಲ ಸುಮ್ಮನಾಗುತ್ತದೆ. ಬಾಗಿಲು ತೆರೆದರೆ ಅಲ್ಲಿ ಅವಳದೇ ಕೋಣೆ, ಹಾಸಿಗೆಯಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ ಅವಳೇ. ಈಗ ಬಾಗಿಲಲ್ಲಿ ನಿಂತಿರುವವಳು ಮಿನಿ, ಅಜ್ಜ ನಿಂತಿದ್ದ ಜಾಗದಲ್ಲಿ. ಅಲ್ಲಿಂದ ಅವಳಿಗೆ ಕಾಣಿಸುವುದು ಸಿಟ್ಟು ಮಾಡಿಕೊಂಡ ಒಂದು ಸಣ್ಣ ಹುಡುಗಿ, ಅಷ್ಟೇ.

ಹೆಚ್ಚಿನವರು ಇಲ್ಲೇ ಪುಸ್ತಕ ಮುಗಿಸುತ್ತಾರೆ. ಬೆಳಗಾಯಿತು, ಮನಸ್ಸು ಹಗುರಾಯಿತು, ಹಕ್ಕಿ ಹಾಡಿತು. ನನಗೆ ಇದು ಒಪ್ಪಿಗೆಯಿಲ್ಲ. ಕನಸಿಗೆ ಗೊತ್ತಿರುವುದು ಕನಸು ಕಾಣುವವಳಿಗೆ ಗೊತ್ತಿರುವಷ್ಟೇ. ಅಜ್ಜ ಅವತ್ತು ಏನಂದುಕೊಂಡ ಅನ್ನುವುದು ಮಿನಿಗೆ ಗೊತ್ತಿಲ್ಲ. ಹಾಗಾಗಿ ಕನಸಿನ ಅಜ್ಜ ಕ್ಷಮಿಸಿದರೂ ಅದು ಅವಳೇ ಅವಳಿಗೆ ಬರೆದುಕೊಂಡ ಚೀಟಿ. 9 ವರ್ಷದವಳಿಗೆ ಇದು ತಿಳಿಯುತ್ತದೆ. ಕನಸು ಅವಳನ್ನು ಬಾಗಿಲವರೆಗೆ ಕರೆದುಕೊಂಡು ಹೋಗಬಲ್ಲದು. ಆಚೆಗಿನ ಮಾತು ಎಚ್ಚರವಿರುವ ಇನ್ನೊಬ್ಬರಿಂದಲೇ ಬರಬೇಕು.

ಅದಕ್ಕೇ ಎದ್ದ ಮೇಲೆ ಇನ್ನೊಂದು ಅಧ್ಯಾಯ ಬೇಕು. ಅಮ್ಮ ಬಟ್ಟೆ ಮಡಚುತ್ತಿದ್ದಾಳೆ. ಮಿನಿ ಬಾಗಿಲಲ್ಲಿ ನಿಂತಿದ್ದಾಳೆ. ಇಲ್ಲಿ ಅವಸರ ಬೇಡ. ಒಂದು ಅಂಗಿ, ಇನ್ನೊಂದು ಅಂಗಿ, ಜೋಡಿ ಸಿಗದ ಒಂದು ಕಾಲುಚೀಲ.

"ಅಮ್ಮಾ, ಅವತ್ತು ನಂಗೆ ಎಚ್ಚರ ಇತ್ತು."

"ಯಾವತ್ತು?"

"ಅಜ್ಜ ಹೋದ ದಿನ. ಕರೆದ. ನಾನು ಕಳ್ಳ ನಿದ್ದೆ ಮಾಡ್ತಿದ್ದೆ."

ಅಮ್ಮ ಕಾಲುಚೀಲ ಕೆಳಗಿಟ್ಟಳು.

"ಅಜ್ಜಂಗೆ ಗೊತ್ತಿತ್ತು ಕಣೇ. ನೀನು ಕಳ್ಳ ನಿದ್ದೆ ಮಾಡಿದ್ರೆ ರೆಪ್ಪೆ ಪಟಪಟ ಅದುರತ್ತೆ. ಬಾಗಿಲಲ್ಲಿ ನಿಂತ್ಕೊಂಡು ನಗ್ತಾ ಇದ್ರು. ನನ್ನೂ ಕರೆದು ತೋರಿಸಿದ್ರು."

"ನಿನ್ನ ತಪ್ಪಿಲ್ಲ" ಅನ್ನುವ ಮಾತು ಇದರಲ್ಲಿ ಎಲ್ಲೂ ಇಲ್ಲ. ಆ ಮಾತನ್ನು ಮಕ್ಕಳು ಎಷ್ಟು ಸಲ ಕೇಳಿರುತ್ತಾರೆ ಅಂದರೆ ಅದು ಕಿವಿಗೇ ಹೋಗುವುದಿಲ್ಲ. ಇಲ್ಲಿ ಅಮ್ಮ ಕೊಟ್ಟದ್ದು ಮಿನಿಯ ಹತ್ತಿರ ಇಲ್ಲದ ಒಂದು ಸಂಗತಿ. ನಿಮ್ಮ ಕಥೆಯಲ್ಲೂ ಅಂಥದ್ದೊಂದನ್ನು ಮೊದಲೇ ಯೋಚಿಸಿ ಬಚ್ಚಿಡಿ. ಅದರ ಸುಳಿವು ಮಾತ್ರ ಮುಂಚೆಯೇ ಕೊಟ್ಟಿರಬೇಕು. ನಾನು ಎರಡನೇ ಅಧ್ಯಾಯದಲ್ಲಿ ಅವಳ ತಮ್ಮನ ಕಳ್ಳ ನಿದ್ದೆಯನ್ನು ರೆಪ್ಪೆ ನೋಡಿಯೇ ಮಿನಿ ಹಿಡಿಯುವ ಹಾಗೆ ಮಾಡಿದೆ. ತಮ್ಮನದು ಅವಳಿಗೆ ಕಾಣುತ್ತದೆ. ಅವಳದು ಅವಳಿಗೆ ಹೇಗೆ ಕಾಣಬೇಕು?

ಹಂತ 8: ಭಾಷೆ

ಕಥೆ ಹೇಳುವಾಗ ಬರಹದ ಕನ್ನಡ, ಮಾತು ಬಂದಾಗ ಮನೆಯ ಕನ್ನಡ. ಎರಡೂ ಸರಳ. "ಅಂತರಂಗದ ವೇದನೆ" ಕಂಡರೆ ಅಳಿಸಿ, "ಗಂಟಲು ಕಟ್ಟಿತು" ಸಾಕು. ಪಟಪಟ, ಗುಯ್ ಗುಯ್, ದಡಬಡ, ಮಿಣಮಿಣ ಅನ್ನುವ ಸದ್ದಿನ ಪದಗಳು ಮಕ್ಕಳ ಕಿವಿಗೆ ಹಬ್ಬ, ಆದರೆ ಕನಸಿನ ಅಧ್ಯಾಯಗಳಿಗೆ ಉಳಿಸಿಕೊಂಡರೆ ಇನ್ನೂ ಚೆಂದ. ನಾನು ಹಗಲಿನ ಅಧ್ಯಾಯಗಳಲ್ಲಿ ಅವನ್ನು ಬೇಕೆಂದೇ ಕಡಿಮೆ ಮಾಡಿದೆ. ಹಾಗಾಗಿ ಅಮ್ಮನ ಬಾಯಿಂದ ಬಂದ "ಪಟಪಟ" ಕನಸಿನಿಂದ ತಪ್ಪಿಸಿಕೊಂಡು ಬಂದ ಹಾಗೆ ಕೇಳಿಸಿತು.

ಹಂತ 9: ಗಟ್ಟಿಯಾಗಿ ಓದಿ, ಆಮೇಲೆ ಬಾಯಿ ಮುಚ್ಚಿ

ಎರಡು ಮೂರು ಮಕ್ಕಳಿಗೆ ಓದಿ ಹೇಳಿ. ಇತ್ತೀಚೆಗೆ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡ ಮಗುವಿದ್ದರೆ ಮೊದಲು ದೊಡ್ಡವರಿಗೆ ಓದಲು ಕೊಟ್ಟು ಕೇಳಿ. "ಚೆನ್ನಾಗಿತ್ತಾ?" ಅಂತ ಕೇಳಬೇಡಿ. ಪಾಪ, ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಎಲ್ಲಿ ಕಿಟಕಿ ಕಡೆ ನೋಡಿದರು, ಎಲ್ಲಿ ಕಾಲು ಅಲ್ಲಾಡಿಸುವುದು ನಿಂತಿತು, ಅದನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ.

ನಾನು ಓದಿ ಮುಗಿಸಿದಾಗ ಒಂದು ಹುಡುಗಿ ಕೇಳಿದಳು: "ಟಾರ್ಚಿಗೆ ಸೆಲ್ ಹಾಕಿದ್ರಾ?" ನನ್ನ ಕೊನೆಯ ಪುಟದಲ್ಲಿ ಆಗ ನಕ್ಷತ್ರಗಳಿದ್ದವು, ಅಜ್ಜನ ನೆನಪಿನ ಬಗ್ಗೆ ಒಂದು ಉದ್ದನೆಯ ಸಾಲಿತ್ತು. ಅದನ್ನೆಲ್ಲ ತೆಗೆದು ಮಿನಿಯ ಕೈಗೆ ಎರಡು ಹೊಸ ಸೆಲ್ಲು ಕೊಟ್ಟೆ. ಅವಳು ಒಂದನ್ನು ತಿರುವುಮುರುವಾಗಿ ಹಾಕುತ್ತಾಳೆ, ಹತ್ತುವುದಿಲ್ಲ. ತೆಗೆದು ಸರಿಯಾಗಿ ಹಾಕುತ್ತಾಳೆ. ಎಲ್ಲಿಂದಲೋ ಒಂದು ದೀಪದ ಹುಳು ಬಂದು ಗಾಜಿಗೆ ಬಡಿಯುತ್ತದೆ.